ಜಾಲತಾಣಕ್ಕೆ ಬಂದವರ ಲೆಕ್ಕ

ಜಾಲಪುಟದ ಅಡಿಯಲ್ಲಿ ಕಾಣುವ ಭೇಟಿಗಳ ಸಂಖ್ಯೆ, ಸರ್ಕಾರಿ ಇಲಾಖೆಗಳ ಎಷ್ಟೋ ಜಾಲತಾಣಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಆ ಪುಟ್ಟ ಸಾಲು, ಪುಟದ ಉಳಿದ ಭಾಗಕ್ಕಿಂತ ಬೇರೆಯೇ ಬಗೆಯದು. ಶೀರ್ಷಿಕೆ, ಚಿತ್ರ, ಬರಹಗಳನ್ನು ಒಮ್ಮೆ ಸಿದ್ಧಪಡಿಸಿಟ್ಟರೆ ಯಾರು ಕೇಳಿದರೂ ಅವು ಇದ್ದಂತೆಯೇ ಹೋಗುತ್ತವೆ. ಸಂಖ್ಯೆ ಮಾತ್ರ ಪ್ರತಿ ಸಲವೂ ಹೊಸದಾಗಿರಬೇಕು, ಮೈಸೂರಿನಲ್ಲಿ ಪುಟ ತೆರೆದವರಿಗೆ ಕಂಡ ಸಂಖ್ಯೆಯ ಮುಂದಿನದು ಮಸ್ಕತ್‌ನಲ್ಲಿ ತೆರೆದವರಿಗೆ ಕಾಣಬೇಕು. ಓದುಗರ ಕಂಪ್ಯೂಟರಿನಲ್ಲಿರುವ ಬ್ರೌಸರ್‌ಗೆ ತನ್ನೊಬ್ಬ ಬಳಕೆದಾರರ ವಿಷಯವಷ್ಟೇ ಗೊತ್ತಿರುವುದರಿಂದ ಈ ಕೆಲಸ ಅದರಿಂದಾಗದು. ಎಲ್ಲ ಕೋರಿಕೆಗಳೂ ಬಂದು ಸೇರುವುದು ಸರ್ವರ್‌ನಲ್ಲಿ, ಅಂದರೆ ಪುಟಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕಳುಹಿಸುವ ಕಂಪ್ಯೂಟರಿನಲ್ಲಿ. ಆದ್ದರಿಂದ ಎಣಿಕೆಯೂ ಅಲ್ಲಿಯೇ ನಡೆಯಬೇಕಾಗುತ್ತದೆ. ಪುಟವನ್ನು ಕಳುಹಿಸುವ ಮುನ್ನ ಅಲ್ಲಿ ಓಡುವ ಚಿಕ್ಕ ಪ್ರೋಗ್ರಾಮನ್ನು ಸರ್ವರ್ ಸ್ಕ್ರಿಪ್ಟ್ ಎನ್ನುತ್ತಾರೆ.

ಸರ್ವರ್ ಪ್ರೋಗ್ರಾಮೊಂದನ್ನು ಓಡಿಸಿ ಅದು ಕೊಟ್ಟ ಉತ್ತರವನ್ನೇ ಪುಟವಾಗಿ ಕಳುಹಿಸುವುದಕ್ಕೆ 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದವರು ನಿಯಮಗಳನ್ನು ಬರೆದರು. ಅವುಗಳಿಗೆ ಸಿಜಿಐ, ಅಂದರೆ ಕಾಮನ್ ಗೇಟ್‌ವೇ ಇಂಟರ್‌ಫೇಸ್ ಎಂದು ಹೆಸರಾಯಿತು. ಮರುವರ್ಷವೇ, ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಎಂಬ ತಂತ್ರಜ್ಞರು ಜಾಲದಲ್ಲಿದ್ದ ತಮ್ಮ ಸ್ವವಿವರದ ಪುಟವನ್ನು ನೋಡಲು ಬರುವವರ ಲೆಕ್ಕವಿಡುವುದಕ್ಕಾಗಿ ಸಿ ಭಾಷೆಯಲ್ಲಿ ಅಂಥ ಕೆಲವು ಪ್ರೋಗ್ರಾಮುಗಳನ್ನು ರಚಿಸಿದರು. ಪರ್ಸನಲ್ ಹೋಮ್ ಪೇಜ್ ಟೂಲ್ಸ್ ಎಂಬ ಹೆಸರಿನಲ್ಲಿ 1995ರ ಜೂನ್‌ನಲ್ಲಿ ಅವರು ಎಲ್ಲರಿಗೂ ಬಿಟ್ಟುಕೊಟ್ಟ ಆ ಉಪಕರಣಗಳೇ ಬೆಳೆದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಾದವು. ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವೂ ಇದೇ ಭಾಷೆಯಲ್ಲಿದೆ ಎಂಬುದನ್ನು ನೆನೆದರೆ, ಬಂದವರನ್ನು ಎಣಿಸಬೇಕೆಂಬ ಅಷ್ಟು ಸಣ್ಣ ಅಗತ್ಯದಿಂದ ಎಷ್ಟು ದೊಡ್ಡದು ಬೆಳೆದಿದೆ ಎಂದು ಬೆರಗಾಗುತ್ತದೆ.

ಎಣಿಕೆಯ ವಿಧಾನ ಮೇಲ್ನೋಟಕ್ಕೆ ಬಹಳ ಸುಲಭವಾದುದು. ಸರ್ವರ್‌ನಲ್ಲಿ ಒಂದು ಫೈಲ್ ಇರುತ್ತದೆ, ಅದರಲ್ಲಿ ಒಂದು ಸಂಖ್ಯೆಯಲ್ಲದೆ ಬೇರೇನೂ ಇರುವುದಿಲ್ಲ. ಪುಟಕ್ಕೆ ಕೋರಿಕೆ ಬಂದಾಗ ಸ್ಕ್ರಿಪ್ಟ್ ಆ ಸಂಖ್ಯೆಯನ್ನು ಓದಿ, ಒಂದನ್ನು ಕೂಡಿಸಿ, ಮೊತ್ತವನ್ನು ಅದೇ ಫೈಲಿನಲ್ಲಿ ಬರೆದು, ಪುಟದಲ್ಲಿಯೂ ಸೇರಿಸುತ್ತದೆ. ಪಿಎಚ್‌ಪಿಯಲ್ಲಿ ಇದಕ್ಕೆ ನಾಲ್ಕೈದು ಸಾಲು ಸಾಕು, ಮತ್ತು ದಿನಕ್ಕೆ ಹತ್ತಾರು ಜನ ಬರುವ ತಾಣದಲ್ಲಿ ಆ ಸಾಲುಗಳು ವರ್ಷಗಟ್ಟಲೆ ತಕರಾರಿಲ್ಲದೆ ನಡೆಯಬಹುದು.

ತೊಡಕು ಹುಟ್ಟುವುದು ಇಬ್ಬರು ಒಂದೇ ಕ್ಷಣದಲ್ಲಿ ಬಂದಾಗ. ಸರ್ವರ್ ಒಂದು ಕೋರಿಕೆ ಮುಗಿಯಲೆಂದು ಇನ್ನೊಂದನ್ನು ಕಾಯಿಸುವುದಿಲ್ಲ, ಎರಡನ್ನೂ ಜೊತೆಯಲ್ಲಿಯೇ ನಡೆಸುತ್ತದೆ. ಫೈಲಿನಲ್ಲಿ 412 ಇದೆ ಎಂದಿಟ್ಟುಕೊಂಡರೆ, ಮೊದಲನೆಯ ಕೋರಿಕೆಗಾಗಿ ಓಡಿದ ಸ್ಕ್ರಿಪ್ಟ್ 412 ಎಂದು ಓದಿ 413 ಎಂದು ಬರೆಯುವಷ್ಟರಲ್ಲಿ ಎರಡನೆಯದೂ ಅದೇ 412ನ್ನು ಓದಿಬಿಟ್ಟಿರುತ್ತದೆ. ತರುವಾಯ ಅದೂ 413 ಎಂದೇ ಬರೆಯುತ್ತದೆ. ಬಂದವರು ಇಬ್ಬರು, ಏರಿದ್ದು ಒಂದೇ ಅಂಕಿ. ಯಾವ ದೋಷಸೂಚನೆಯೂ ಕಾಣಿಸಿಕೊಳ್ಳದಿರುವುದರಿಂದ ಇದನ್ನು ಪತ್ತೆ ಹಚ್ಚುವುದು ಕಷ್ಟ. ಪ್ರೋಗ್ರಾಮರುಗಳು ರೇಸ್ ಕಂಡೀಷನ್ ಎಂದು ಕರೆಯುವ ಈ ಸ್ಥಿತಿ, ಇಬ್ಬರು ಒಂದೇ ಬ್ಯಾಂಕ್ ಖಾತೆಯಿಂದ ಏಕಕಾಲಕ್ಕೆ ಹಣ ತೆಗೆಯುವಲ್ಲಿಯೂ, ಕೊನೆಯದಾಗಿ ಉಳಿದ ರೈಲು ಸೀಟಿಗೆ ಇಬ್ಬರು ಒಟ್ಟಿಗೆ ಕೈಹಾಕುವಲ್ಲಿಯೂ ಎದುರಾಗುವಂಥದ್ದೇ ಆದ್ದರಿಂದ, ಅದನ್ನು ಕಲಿಯಲು ಹೊರಟವರಿಗೆ ಭೇಟಿಗಳನ್ನು ಎಣಿಸುವ ಈ ಕೌಂಟರಿಗಿಂತ ಒಳ್ಳೆಯ ಪಾಠ ಸಿಗಲಾರದು.

ಪರಿಹಾರವೆಂದರೆ ಬೀಗ. ಪಿಎಚ್‌ಪಿಯ ಎಫ್‌ಲಾಕ್ ಎಂಬ ಆದೇಶದ ಮೂಲಕ ಸ್ಕ್ರಿಪ್ಟ್ ಫೈಲಿಗೆ ಬೀಗ ಕೇಳುತ್ತದೆ. ಒಂದು ಸ್ಕ್ರಿಪ್ಟಿನ ಕೈಯಲ್ಲಿ ಬೀಗವಿರುವವರೆಗೆ, ಅದೇ ಬೀಗ ಕೇಳಿದ ಇನ್ನೊಂದು ಕಾಯಬೇಕು. ಬೀಗ ಹಾಕಬೇಕಾದದ್ದು ಓದುವುದಕ್ಕೂ ಮೊದಲು, ತೆಗೆಯಬೇಕಾದದ್ದು ಬರೆದು ಮುಗಿದ ಮೇಲೆ. ಬರೆಯುವಾಗ ಮಾತ್ರ ಬೀಗ ಹಾಕಿದರೆ ಮೇಲೆ ಹೇಳಿದ ತಪ್ಪು ಹಾಗೆಯೇ ಉಳಿಯುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಫೈಲನ್ನು ‘ಡಬ್ಲ್ಯೂ’ ಎಂಬ ವಿಧಾನದಲ್ಲಿ ತೆರೆದರೆ, ತೆರೆದ ಕ್ಷಣವೇ ಅದರೊಳಗಿನದೆಲ್ಲ ಅಳಿಸಿಹೋಗುತ್ತದೆ. ಆ ಬಳಿಕ ಬೀಗ ಹಾಕಿ ಪ್ರಯೋಜನವಿಲ್ಲ, ಎಷ್ಟೋ ದಿನಗಳ ಲೆಕ್ಕ ಸೊನ್ನೆಗೆ ಇಳಿದಿರುತ್ತದೆ. ‘ಸಿ ಪ್ಲಸ್’ ಎಂಬ ವಿಧಾನವು ಫೈಲ್ ಇಲ್ಲದಿದ್ದರೆ ಹೊಸದಾಗಿ ಸೃಷ್ಟಿಸಿ, ಇದ್ದರೆ ಅದರ ಒಡಲನ್ನು ಮುಟ್ಟದೆ ತೆರೆಯುವುದರಿಂದ ಕೌಂಟರಿಗೆ ಅದೇ ತಕ್ಕದ್ದು.

ಇಷ್ಟಾದರೂ ಎಣಿಕೆಯಾಗುವುದು ಕೋರಿಕೆಗಳು, ಜನರಲ್ಲ. ಒಬ್ಬರೇ ಹತ್ತು ಸಲ ರಿಫ್ರೆಶ್ ಮಾಡಿದರೆ ಹತ್ತು ಭೇಟಿಗಳಾಗುತ್ತವೆ, ಸರ್ಚ್ ಎಂಜಿನ್‌ಗಳು ಪುಟಗಳನ್ನು ಓದಲು ಕಳುಹಿಸುವ ಬಾಟ್ ಎಂಬ ಪ್ರೋಗ್ರಾಮುಗಳೂ ಲೆಕ್ಕಕ್ಕೆ ಸೇರುತ್ತವೆ. ಐಪಿ ವಿಳಾಸದಿಂದ, ಅಂದರೆ ಅಂತರಜಾಲದಲ್ಲಿ ಕೋರಿಕೆ ಹೊರಟುಬಂದ ನೆಲೆಯ ಅಂಕಿಯಿಂದ ಗುರುತಿಸಲು ಹೋದರೆ, ಒಂದೇ ಸಂಪರ್ಕ ಬಳಸುವ ಇಡೀ ಕಾಲೇಜು ಒಬ್ಬರಂತೆ ಕಾಣಬಹುದು. ಬ್ರೌಸರ್‌ನಲ್ಲಿ ಚಿಕ್ಕ ಗುರುತನ್ನು ಇಟ್ಟುಬರುವ ಕುಕಿಯನ್ನು ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ 1994ರಲ್ಲಿ ರೂಪಿಸಿದಾಗ, ಅದರ ಮೊದಲ ಬಳಕೆಗಳಲ್ಲೊಂದು ಬಂದವರು ಹಿಂದೆಯೂ ಬಂದಿದ್ದರೇ ಎಂದು ತಿಳಿಯುವುದೇ ಆಗಿತ್ತು. ಕುಕಿಯನ್ನು ಅಳಿಸಿದವರು ಮತ್ತೆ ಹೊಸಬರಾಗುತ್ತಾರೆ ಎಂಬ ಮಿತಿ ಅದಕ್ಕೂ ಇದೆ. ಆದುದರಿಂದ ಪುಟದಲ್ಲಿ ‘ಓದುಗರು’ ಎನ್ನುವುದಕ್ಕಿಂತ ‘ಭೇಟಿಗಳು’ ಎಂದು ಬರೆಯುವುದು ಪ್ರಾಮಾಣಿಕ.

ಕನ್ನಡದ ತಾಣದಲ್ಲಿ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ತೋರಿಸುವುದು ಚೆಂದ, ಅದಕ್ಕೆ ತಗಲುವ ಶ್ರಮವೂ ಅತ್ಯಲ್ಪ. ಫೈಲಿನಲ್ಲಿ ಎಂದಿನ ಅಂಕಿಗಳೇ ಇರಬೇಕು, ಇಲ್ಲದಿದ್ದರೆ ಸ್ಕ್ರಿಪ್ಟಿಗೆ ಕೂಡಿಸಲು ಬಾರದು. ಪುಟಕ್ಕೆ ಕಳುಹಿಸುವಾಗ ಮಾತ್ರ 413 ಎಂಬುದು ೪೧೩ ಆದರೆ ಸಾಕು. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಂಕಿಯೂ ಮೂರು ಬೈಟ್‌ಗಳಷ್ಟು ಜಾಗ ಹಿಡಿಯುವುದರಿಂದ, ಬೈಟಿಗೆ ಬೈಟ್ ಬದಲಿಸುವ ವಿಧಾನವನ್ನು ಬಿಟ್ಟು, ಯಾವ ಅಂಕಿಗೆ ಯಾವುದು ಎಂಬ ಹತ್ತು ಜೋಡಿಗಳ ಪಟ್ಟಿಯನ್ನು ಸ್ಕ್ರಿಪ್ಟಿಗೆ ಕೊಡಬೇಕು.