ಕೆಂಪು ಬಂಡೆಗಳ ನಡುವೆ ಸಾವಿರದಿನ್ನೂರು ಮೈಲಿ

ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದ ಅಂಚಿನಲ್ಲಿ ನಿಂತರೆ ಉತ್ತರದ ಅಂಚು ಕಣ್ಣೆದುರಿಗೇ ಕಾಣುತ್ತದೆ. ಹದ್ದಿಗಾದರೆ ಹತ್ತು ಮೈಲಿಯ ಹಾರಾಟ. ಕಾರಿಗೆ ಮಾತ್ರ ಸುಮಾರು 215 ಮೈಲಿ, ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟು. ನಡುವೆ ಕೊಲೊರಾಡೊ ನದಿ ಕೊರೆದ ಕಮರಿಯಿದೆ. ಅದನ್ನು ದಾಟಲು ಪೂರ್ವಕ್ಕೆ ಸುತ್ತಿಕೊಂಡು ನವಾಹೊ ಸೇತುವೆಯವರೆಗೆ ಹೋಗಲೇಬೇಕು. ಅಷ್ಟು ಸುತ್ತಿದ ಮೇಲೂ ಚಳಿಗಾಲದಲ್ಲಿ ಉತ್ತರದಂಚಿನ ರಸ್ತೆ ಹಿಮದಿಂದಾಗಿ ಮುಚ್ಚಿರುತ್ತದೆ. 2025ರ ಜುಲೈನ ಕಾಳ್ಗಿಚ್ಚಿಗೆ ಅಲ್ಲಿನ ಹೆಸರಾಂತ ಹಳೆಯ ಲಾಡ್ಜ್ ಕೂಡ ಆಹುತಿಯಾಯಿತು.

ಅಮೆರಿಕದ ನೈರುತ್ಯ ಭಾಗದಲ್ಲಿ ನಕ್ಷೆ ಹೀಗೆಲ್ಲ ಯಾಮಾರಿಸುತ್ತದೆ. ಆದರೂ ಅಲ್ಲಿ ನೆಲೆಸಿದ ನಮ್ಮವರ ಎಕ್ಸೆಲ್ ಶೀಟುಗಳನ್ನು ನೋಡಬೇಕು! ಲಾಂಗ್ ವೀಕೆಂಡಿನ ನಾಲ್ಕು ದಿನಕ್ಕೆ ಐದು ರಾಷ್ಟ್ರೀಯ ಉದ್ಯಾನಗಳು, ಪ್ರತಿ ಸಾಲಿಗೂ ಒಂದು ‘ಮಸ್ಟ್ ಸೀ’, ಕೊನೆಯ ಕಾಲಂನಲ್ಲಿ ಹಸಿರು ಟಿಕ್. ಊರಿಗೆ ಫೋನ್ ಮಾಡಿ “ಎಲ್ಲಾ ಕವರ್ ಮಾಡಿದ್ವಿ” ಅನ್ನುತ್ತಾರೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಅಪ್ಪ ಅಮ್ಮನನ್ನು ಕೇಳಿದರೆ ನೆನಪಿರುವುದು ಹೈವೇ ಮಾತ್ರ.

ಈ ಸೀಮೆಗೆ ಬೇರೆಯೇ ಲೆಕ್ಕ ಬೇಕು. ಯಾವ ಜಾಗಕ್ಕೆ ಯಾವ ಹೊತ್ತಿನ ಬೆಳಕು ಬೀಳುತ್ತದೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಯಾವ ರಾತ್ರಿ ಎಲ್ಲಿ ಮಲಗಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಮೈಲಿಗಳ ಲೆಕ್ಕ ಆಮೇಲೆ.

ಸುತ್ತು ಹೀಗೆ

ಲಾಸ್ ವೇಗಸ್‌ನಲ್ಲಿ ಕಾರು ಹಿಡಿದು ಅಲ್ಲೇ ಮರಳಿಸುವ ಸುತ್ತು ನನ್ನ ಆಯ್ಕೆ. ಒಂದೂರಲ್ಲಿ ಹಿಡಿದು ಇನ್ನೊಂದೂರಲ್ಲಿ ಬಿಟ್ಟರೆ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ದೊಡ್ಡ ಮೊತ್ತವನ್ನೇ ಕೀಳುತ್ತವೆ. ವೇಗಸ್‌ನಿಂದ ಝಯಾನ್, ಬ್ರೈಸ್ ಕ್ಯಾನ್ಯನ್, ಟೋರಿ, ಮೋಆಬ್, ಮಾನ್ಯುಮೆಂಟ್ ವ್ಯಾಲಿ, ಪೇಜ್, ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದಂಚು, ಮತ್ತೆ ವೇಗಸ್: ಒಟ್ಟು ಸುಮಾರು 1,200 ಮೈಲಿ. ಝಯಾನ್ ಮತ್ತು ಮೋಆಬ್‌ನಲ್ಲಿ ಎರಡೆರಡು ರಾತ್ರಿ, ಉಳಿದೆಡೆ ಒಂದೊಂದು ಎಂದರೆ ಒಂಬತ್ತು ರಾತ್ರಿಯಾಯಿತು. ದಿನಕ್ಕೆ ಎರಡೂವರೆ ಮೂರು ಗಂಟೆಗಿಂತ ಹೆಚ್ಚು ಸ್ಟೀರಿಂಗ್ ಹಿಡಿಯುವ ಪ್ರಮೇಯವಿಲ್ಲ. ಕೊನೆಯ ದಿನದ 280 ಮೈಲಿ ಮಾತ್ರ ಉದ್ದ. ಫೋನಿನ ನಕ್ಷೆ ಎರಡು ಗಂಟೆ ಎಂದರೆ ನೀವು ಮೂರೂವರೆ ಎಂದುಕೊಳ್ಳಿ. ದಾರಿಯುದ್ದಕ್ಕೂ ಕಾರು ಪಕ್ಕಕ್ಕೆ ಹಾಕಿ ನೋಡಲೆಂದೇ ಜಾಗ ಬಿಟ್ಟಿರುತ್ತಾರೆ, ನಿಲ್ಲಿಸದೆ ಹೋಗಲು ಮನಸ್ಸು ಬರುವುದಿಲ್ಲ.

ಬೆಳಕಿಗೆ ಬರೋಣ. ಬ್ರೈಸ್‌ನ ಕಂಬಗಳಂಥ ಬಂಡೆಗಳನ್ನು ನೋಡುವ ಅಂಚು ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಅದು ಸೂರ್ಯೋದಯದ ಜಾಗ. ಹಿಂದಿನ ರಾತ್ರಿಯೇ ಅಲ್ಲಿರಬೇಕು. ಮಾನ್ಯುಮೆಂಟ್ ವ್ಯಾಲಿಯ ‘ಮಿಟನ್ಸ್’ ಎಂಬ ಜೋಡಿ ಬಂಡೆಗಳು ಮುಳುಗುವ ಸೂರ್ಯನಿಗೆ ಮೈಯೊಡ್ಡಿ ಕೆಂಪೇರುತ್ತವೆ, ಆದ್ದರಿಂದ ಅಲ್ಲಿಗೆ ಮಧ್ಯಾಹ್ನ ಮೂರರೊಳಗೆ ಸೇರಿಕೊಳ್ಳಿ. ಮೋಆಬ್ ಪಕ್ಕದ ಆರ್ಚಸ್ ಉದ್ಯಾನದ ಡೆಲಿಕೇಟ್ ಆರ್ಚ್‌ಗೂ ಸಂಜೆಯೇ ಚೆಂದ, ಆದರೆ ಹೋಗಿಬರಲು ಮೂರು ಮೈಲಿ ನಡಿಗೆ, ನೆರಳಿಲ್ಲದ ಏರು. ಇಳಿಯುವಾಗ ಕತ್ತಲಾಗಿರುತ್ತದೆ, ಟಾರ್ಚ್ ಬೇಕು. ಪೇಜ್ ಬಳಿಯ ಹಾರ್ಸ್‌ಶೂ ಬೆಂಡ್ ಎಂಬ ನದಿತಿರುವಿಗೆ ಸಂಜೆ ಜನಸಾಗರ. ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಹೋದರೆ ಸೂರ್ಯ ಬೆನ್ನ ಹಿಂದಿರುತ್ತಾನೆ, ಕಣ್ಣಿಗೂ ಕ್ಯಾಮೆರಾಕ್ಕೂ ಸುಖ.

ಈ ದಿಕ್ಕಿನಲ್ಲೇ ಸುತ್ತಲು ಒಂದು ಕಾರಣವಿದೆ. ಬ್ರೈಸ್‌ನ ತಳದ ಕಲ್ಲಿನ ಪದರವೇ ಝಯಾನ್‌ನ ನೆತ್ತಿ. ಝಯಾನ್‌ನ ತಳದ ಪದರವೇ ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚು. ಈ ಸೀಮೆ ಒಂದು ಬೃಹತ್ ಮೆಟ್ಟಿಲುಸಾಲು ಎಂದು 1870ರ ದಶಕದಲ್ಲಿ ಕಂಡವನು ಭೂವಿಜ್ಞಾನಿ ಕ್ಲಾರೆನ್ಸ್ ಡಟನ್. ಬ್ರೈಸ್‌ನ ಗುಲಾಬಿ ಸುಣ್ಣಕಲ್ಲಿಗೆ ಸುಮಾರು 5 ಕೋಟಿ ವರ್ಷ, ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿಗೆ 27 ಕೋಟಿ, ಅದರ ತಳದ ಕಪ್ಪು ಶಿಲೆಗೆ 170 ಕೋಟಿಗೂ ಹೆಚ್ಚು. ಮೇಲಿನ ಮೆಟ್ಟಿಲುಗಳನ್ನು ನೋಡಿಕೊಂಡು ಕಡೆಗೆ ಆ ಕಮರಿಯ ಮುಂದೆ ನಿಂತಾಗ ಈ ಲೆಕ್ಕ ಕಣ್ಣಿಗೇ ಕಟ್ಟುತ್ತದೆ. (ನಮ್ಮ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮೇಲೆ ಕೂತು ಕಡಲೆಕಾಯಿ ತಿನ್ನುವಾಗ ನಮಗಿದು ನೆನಪಾಗುವುದೇ ಇಲ್ಲ.)

ಹನ್ನೆರಡನೇ ನಂಬರಿನ ರಸ್ತೆ

ಇಡೀ ಸುತ್ತಿನಲ್ಲಿ ಒಂದೇ ದಿನ ಸಿಗುತ್ತದೆ ಎಂದರೆ ನಾನು ಯಾವ ಉದ್ಯಾನಕ್ಕೂ ಹೋಗುವುದಿಲ್ಲ, ಯೂಟಾದ ಹೈವೇ 12ರಲ್ಲಿ ಹೋಗುತ್ತೇನೆ. ಬ್ರೈಸ್‌ನ ಮಗ್ಗುಲಿನಿಂದ ಟೋರಿಯವರೆಗಿನ ಈ ದಾರಿ ಪೂರ್ತಿಯಾಗಿ 124 ಮೈಲಿ. ಎಸ್ಕಲಾಂಟೆ ಊರು ದಾಟಿ ಬೋಲ್ಡರ್ ಎಂಬ ಪುಟ್ಟ ಊರು ಸೇರುವ ಮೊದಲು ‘ಹಾಗ್ಸ್‌ಬ್ಯಾಕ್’ ಎಂಬ ಕಡೆ ರಸ್ತೆ ಒಂದು ಬಂಡೆಯ ಬೆನ್ನುಹುರಿಯ ಮೇಲೆ ಹಾದುಹೋಗುತ್ತದೆ. ಎರಡೂ ಬದಿಗೆ ಪ್ರಪಾತ, ತಡೆಗೋಡೆಯೇ ಇಲ್ಲ. ಎತ್ತರಕ್ಕೆ ಹೆದರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಬೇಡಿ. ಆಗುಂಬೆ ಘಾಟಿಯಲ್ಲಿ ಸ್ಟೀರಿಂಗ್ ತಿರುಗಿಸಿದವರಿಗೆ ತಿರುವುಗಳು ದೊಡ್ಡ ಸಂಗತಿಯಲ್ಲ, ಆದರೆ ಇಲ್ಲಿ ಆಳವನ್ನು ಮರೆಮಾಡಲು ಒಂದು ಮರವೂ ಇಲ್ಲ.

ಬೋಲ್ಡರ್‌ಗೆ 1930ರ ದಶಕದಲ್ಲೂ ಟಪಾಲು ಬರುತ್ತಿದ್ದುದು ಹೇಸರಗತ್ತೆಗಳ ಮೇಲೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಯುವಕರಿಗೆಂದು ರೂಸ್‌ವೆಲ್ಟ್ ಸರ್ಕಾರ ಕಟ್ಟಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಹುಡುಗರು ಈ ಬಂಡೆಗಳನ್ನು ಸಿಡಿಸಿ ದಾರಿ ಮಾಡಿದರು. ಅಮೆರಿಕದ ಚೆಲುವಾದ ರಸ್ತೆಗಳ ಚರಿತ್ರೆ ಕೆದಕಿದರೆ ಪದೇ ಪದೇ ಎದುರಾಗುವುದು 1920 ಮತ್ತು 1930ರ ದಶಕಗಳೇ: ಝಯಾನ್‌ನಲ್ಲಿ ಬಂಡೆಯೊಳಗೆ ಕೊರೆದ 1.1 ಮೈಲಿಯ ಸುರಂಗ 1930ರದ್ದು, ಮೊಂಟಾನಾದ ಗೋಯಿಂಗ್-ಟು-ದ-ಸನ್ ರೋಡ್ ಪೂರ್ತಿಯಾದದ್ದು 1932ರಲ್ಲಿ, ಕ್ಯಾಲಿಫೋರ್ನಿಯಾದ ಬಿಗ್ ಸರ್‌ನ ಬಿಕ್ಸ್‌ಬಿ ಸೇತುವೆಯೂ ಅದೇ ವರ್ಷ.

ಬೋಲ್ಡರ್‌ನಿಂದಾಚೆ ರಸ್ತೆ ಸುಮಾರು 9,600 ಅಡಿಗೆ ಏರುತ್ತದೆ. ಕೆಳಗೆ ಮರುಭೂಮಿ, ಇಲ್ಲಿ ಆಸ್ಪೆನ್ ಕಾಡು. ಸೆಪ್ಟೆಂಬರ್ ಕೊನೆಗೆ ಅದರ ಎಲೆಯೆಲ್ಲ ಹಳದಿ. ಬಿಡಾಡಿ ದನಗಳು ರಸ್ತೆಗೆ ಬರುತ್ತವೆ, ಇದರಲ್ಲಿ ನಮಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ.

ಟೋರಿಯ ಪಕ್ಕದ ಕ್ಯಾಪಿಟಲ್ ರೀಫ್ ಉದ್ಯಾನವನ್ನು ಬಹಳಷ್ಟು ಜನ ಬಿಟ್ಟುಬಿಡುತ್ತಾರೆ. 1880ರ ದಶಕದಲ್ಲಿ ಅಲ್ಲಿಗೆ ಬಂದ ಮಾರ್ಮನ್ ವಲಸಿಗರು ಫ್ರೂಟಾ ಎಂಬಲ್ಲಿ ನೆಟ್ಟ ತೋಟಗಳ ಪರಂಪರೆಯನ್ನು ಉದ್ಯಾನದವರೇ ಮುಂದುವರಿಸಿದ್ದಾರೆ. ಜೂನ್‌ನಲ್ಲಿ ಚೆರ್ರಿ, ಆಮೇಲೆ ಏಪ್ರಿಕಾಟ್, ಪೀಚ್, ಸೆಪ್ಟೆಂಬರ್‌ಗೆ ಸೇಬು. ಕೊಯ್ಲಿಗೆ ತೆರೆದ ತೋಟದಲ್ಲಿ ನಿಂತು ತಿಂದರೆ ಪುಕ್ಕಟೆ, ಚೀಲಕ್ಕೆ ತುಂಬಿಕೊಂಡರೆ ದುಡ್ಡು.

ಅಲ್ಲಿಂದ ಮೋಆಬ್ ಕಡೆಗೆ ಹೋಗುವಾಗ ಹ್ಯಾಂಕ್ಸ್‌ವಿಲ್‌ನಲ್ಲಿ ಟ್ಯಾಂಕ್ ತುಂಬಿಸಿ. ಬಂಡೆಯೊಳಗೆ ಕೊರೆದ ಅಂಗಡಿಯಿರುವ ಬಂಕ್ ಅಲ್ಲಿದೆ. ಈ ಭಾಗದಲ್ಲಿ ಪೆಟ್ರೋಲ್ ಅರ್ಧಕ್ಕಿಳಿದರೆ ತುಂಬಿಸುವುದೇ ನಿಯಮ. ಪಕ್ಕದ ಇಂಟರ್‌ಸ್ಟೇಟ್ 70ರಲ್ಲಿ ಗ್ರೀನ್ ರಿವರ್‌ನಿಂದ ಸಲೈನಾದವರೆಗೆ ನೂರು ಮೈಲಿಗೂ ಹೆಚ್ಚು ದೂರ ಒಂದೂ ಬಂಕಿಲ್ಲ. ಮೊಬೈಲ್ ಸಿಗ್ನಲ್ಲಿನದೂ ಅದೇ ಕಥೆ, ಆದ್ದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಪೆಟ್ರೋಲ್‌ಗೆ ಅಲ್ಲಿ ‘ಗ್ಯಾಸ್’ ಅನ್ನುತ್ತಾರೆಂದು ಊರಿಂದ ಬಂದ ಹಿರಿಯರಿಗೂ ಒಮ್ಮೆ ಹೇಳಿಬಿಡಿ.

ನವಾಹೊ ನೆಲದಲ್ಲಿ ಎಷ್ಟು ಗಂಟೆ?

ಮಾನ್ಯುಮೆಂಟ್ ವ್ಯಾಲಿಯನ್ನು ಜಗತ್ತಿಗೆ ತೋರಿಸಿದ್ದು ಜಾನ್ ಫೋರ್ಡ್‌ನ 1939ರ ‘ಸ್ಟೇಜ್‌ಕೋಚ್’ ಸಿನಿಮಾ. ಆದರೆ ಇದು ರಾಷ್ಟ್ರೀಯ ಉದ್ಯಾನವಲ್ಲ. ನವಾಹೊ ಜನರ ಸ್ವಂತ ಆಡಳಿತದ ನೆಲ. ಉದ್ಯಾನಗಳ ವಾರ್ಷಿಕ ಪಾಸ್ ಇಲ್ಲಿ ನಡೆಯುವುದಿಲ್ಲ, ಟಿಕೆಟ್ ಬೇರೆ. ಮದ್ಯ ನಿಷಿದ್ಧ, ಡ್ರೋನ್ ಹಾರಿಸುವಂತಿಲ್ಲ, ಜನರ ಫೋಟೊ ತೆಗೆಯುವ ಮೊದಲು ಕೇಳಬೇಕು. ಒಳಗಿನ 17 ಮೈಲಿಯ ಸುತ್ತು ಮಣ್ಣುದಾರಿ. ಬಾಡಿಗೆ ಕಾರಿನ ಕರಾರಿನಲ್ಲಿ ಮಣ್ಣುದಾರಿಗೆ ನಿಷೇಧವಿರುವುದೇ ಹೆಚ್ಚು; ನವಾಹೊ ಗೈಡ್‌ನ ಜೀಪ್ ಹತ್ತಿದರೆ ಕಾರೂ ಉಳಿಯುತ್ತದೆ, ಕಥೆಗಳೂ ಸಿಗುತ್ತವೆ. ಬಿಸಿ ಬಿಸಿ ಫ್ರೈ ಬ್ರೆಡ್ ತಿನ್ನುವ ಆಸೆಯಾದರೆ ಯಾವ ಕೊಬ್ಬಿನಲ್ಲಿ ಕರಿದಿದ್ದಾರೆಂದು ಸಸ್ಯಾಹಾರಿಗಳು ಕೇಳಿಕೊಳ್ಳಲಿ. ಅಮೆರಿಕ ಸರ್ಕಾರ 1864ರಲ್ಲಿ ನವಾಹೊ ಜನರನ್ನು ನೆಲ ಬಿಡಿಸಿ ನಡೆಸಿಕೊಂಡು ಹೋದಾಗ ಕೊಟ್ಟ ಪಡಿತರದ ಹಿಟ್ಟು, ಹಂದಿಕೊಬ್ಬುಗಳಿಂದ ಹುಟ್ಟಿದ ತಿನಿಸು ಅದು.

ಗಡಿಯಾರದ ಗೊಂದಲ ಬೇರೆ ಇದೆ. ಬೇಸಿಗೆಯಲ್ಲಿ ಯೂಟಾ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುತ್ತದೆ, ಅರಿಜೋನಾ ಇಡುವುದಿಲ್ಲ. ಅರಿಜೋನಾದೊಳಗೇ ಇರುವ ನವಾಹೊ ಸೀಮೆ ಇಡುತ್ತದೆ. ಅದರ ನಡುವೆ ಸಿಕ್ಕಿಕೊಂಡಿರುವ ಹೋಪಿ ಜನರ ಸೀಮೆ ಇಡುವುದಿಲ್ಲ! ಮಾನ್ಯುಮೆಂಟ್ ವ್ಯಾಲಿಯಿಂದ ಪೇಜ್‌ಗೆ ಬರುವಾಗ ಫೋನು ತಾನಾಗಿ ಒಂದು ಗಂಟೆ ಹಿಂದೆ ಜಾರುತ್ತದೆ, ಕೆಲವೊಮ್ಮೆ ಯಾವ ಟವರ್ ಸಿಕ್ಕಿತೋ ಅದರಂತೆ ಕುಣಿಯುತ್ತದೆ. ಪೇಜ್ ಪಕ್ಕದ ಆಂಟಲೋಪ್ ಕ್ಯಾನ್ಯನ್‌ಗೆ ನವಾಹೊ ಗೈಡ್ ಇಲ್ಲದೆ ಪ್ರವೇಶವಿಲ್ಲ, ಟೂರ್‌ಗಳು ಗಂಟೆ ಹೊಡೆದಂತೆ ಹೊರಡುತ್ತವೆ. ಟಿಕೆಟ್ ಕೊಳ್ಳುವಾಗಲೇ ಯಾವ ಗಡಿಯಾರವೆಂದು ನೋಡಿಕೊಳ್ಳಿ.

ಗೈಡ್ ನಿಯಮದ ಬಗ್ಗೆ ಗೊಣಗುವವರಿಗೆ ಒಂದು ಮಾತು. 1997ರ ಆಗಸ್ಟ್ 12ರಂದು ಆ ಕಮರಿಯ ಕೆಳಭಾಗದಲ್ಲಿ ಹನ್ನೊಂದು ಮಂದಿ ಪ್ರವಾಸಿಗರು ಕೊಚ್ಚಿಹೋದರು. ಮಳೆ ಸುರಿದದ್ದು ಮೈಲಿಗಟ್ಟಲೆ ದೂರದಲ್ಲಿ. ನೀರು ಹೀರದ ಬಂಡೆ ನೆಲವಾದ್ದರಿಂದ ಬಿದ್ದದ್ದೆಲ್ಲ ಒಮ್ಮೆಗೇ ಕಿರಿದಾದ ಕಂದಕಕ್ಕೆ ನುಗ್ಗುತ್ತದೆ. ಜುಲೈ, ಆಗಸ್ಟ್ ಅಲ್ಲಿನ ಮಾನ್ಸೂನ್ ತಿಂಗಳು. ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಆ ತಿಂಗಳುಗಳಲ್ಲಿ ಕಂದಕಗಳ ನಡಿಗೆಯನ್ನು ಬೆಳಗ್ಗೆಯೇ ಮುಗಿಸಿ, ಅಥವಾ ಬಿಟ್ಟುಬಿಡಿ.

ಯಾವಾಗ, ಎಷ್ಟು

ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ನಡುವಿನವರೆಗೆ ಅತ್ಯುತ್ತಮ. ಅದು ತಪ್ಪಿದರೆ ಏಪ್ರಿಲ್ ಕೊನೆ, ಮೇ. ಆದರೆ ಬ್ರೈಸ್ ಎಂಟು ಸಾವಿರ ಅಡಿಯ ಮೇಲಿದೆ, ಮೇ ತಿಂಗಳಲ್ಲೂ ಅಲ್ಲಿ ಹಿಮ ಉದುರಬಹುದು. ಸ್ವೆಟರ್ ಮತ್ತು ಹತ್ತಿಯಂಗಿ ಒಂದೇ ಪೆಟ್ಟಿಗೆಯಲ್ಲಿರಲಿ. ಅಮಾವಾಸ್ಯೆಯ ಆಸುಪಾಸು ಹೊಂದಿಸಿಕೊಂಡರೆ ಇನ್ನೊಂದು ಲಾಭವಿದೆ. ನಗರದ ಬೆಳಕು ತಾಗದ ಆಗಸ ಇಲ್ಲಿ ಸಿಗುತ್ತದೆ. ಕತ್ತಲ ಆಗಸಕ್ಕೆಂದು ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಮೊದಲ ಉದ್ಯಾನ ಯೂಟಾದ ನ್ಯಾಚುರಲ್ ಬ್ರಿಡ್ಜಸ್, 2007ರಲ್ಲಿ. ನಮ್ಮ ಕ್ಯಾಲೆಂಡರಿನಲ್ಲಿ ತಿಥಿ ನೋಡಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಖರ್ಚಿನಲ್ಲಿ ಈಚೆಗೆ ದೊಡ್ಡ ಬದಲಾವಣೆಯಾಗಿದೆ. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಿಗೆ ಉದ್ಯಾನಗಳ ವಾರ್ಷಿಕ ಪಾಸ್ 80 ಡಾಲರ್, ಹೊರದೇಶದವರಿಗೆ 250. ಪಾಸ್ ಇಲ್ಲದ ಹೊರದೇಶದವರು ಹೆಚ್ಚು ಜನ ಸೇರುವ 11 ಉದ್ಯಾನಗಳಲ್ಲಿ ಮಾಮೂಲಿ ಶುಲ್ಕದ ಮೇಲೆ ತಲಾ 100 ಡಾಲರ್ ಕೊಡಬೇಕು. ನಮ್ಮ ಸುತ್ತಿನ ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಆ ಪಟ್ಟಿಯಲ್ಲಿವೆ. ಊರಿಂದ ಬಂದ ತಂದೆತಾಯಿಯನ್ನು ಕರೆದೊಯ್ಯುವವರು ಇದನ್ನು ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಲಿ.

ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದಂಚಿನ ಲಾಡ್ಜುಗಳ ಬುಕಿಂಗ್ 13 ತಿಂಗಳು ಮುಂಚೆಯೇ ತೆರೆಯುತ್ತದೆ. ಝಯಾನ್ ಕಣಿವೆಯೊಳಗೆ ವರ್ಷದ ಬಹುಭಾಗ ಸ್ವಂತ ಕಾರಿಗೆ ಪ್ರವೇಶವಿಲ್ಲ, ಶಟಲ್ ಬಸ್ಸಿನಲ್ಲೇ ಹೋಗಬೇಕು. ಅಲ್ಲಿನ ಏಂಜಲ್ಸ್ ಲ್ಯಾಂಡಿಂಗ್ ಎಂಬ ಬಂಡೆ ಹತ್ತುವವರಿಗೆ 2022ರಿಂದ ಲಾಟರಿ ಪರವಾನಗಿ. ಸಮಯ ಕಾದಿರಿಸುವ ನಿಯಮಗಳು ಉದ್ಯಾನದಿಂದ ಉದ್ಯಾನಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಹೋದ ವರ್ಷ ಹೋಗಿಬಂದ ಗೆಳೆಯನ ಮಾತು ನಂಬಬೇಡಿ.

ಕಾರಿನೊಳಗಿನ ಮಾತು

ಭಾರತದಿಂದ ಹೋಗುವವರು ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು, ಮೂಲ ಡಿಎಲ್ ಜೊತೆಗೇ ಇಟ್ಟುಕೊಳ್ಳಲಿ. ಪೊಲೀಸರು ಹಿಂದಿನಿಂದ ದೀಪ ಮಿನುಗಿಸಿದರೆ ಬಲಕ್ಕೆ ನಿಲ್ಲಿಸಿ, ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ಕಾರಿನೊಳಗೇ ಕೂತಿರಿ. ನಮ್ಮೂರಲ್ಲಿ ಇಳಿದುಹೋಗಿ “ಏನ್ ಸಾರ್” ಎಂದು ಮಾತಾಡಿಸುವುದು ಮರ್ಯಾದೆ. ಅಲ್ಲಿ ಇಳಿದರೆ ಅಪಾಯದ ಸೂಚನೆ. ಕತ್ತಲಾದ ಮೇಲೆ ಓಡಿಸದಿರುವುದು ಒಳ್ಳೆಯದು. ಜಿಂಕೆಗಳು ದೀಪ ಕಂಡು ನಿಂತುಬಿಡುತ್ತವೆ, ನೋಡಬೇಕಾದ ದಾರಿಯೂ ಕಾಣುವುದಿಲ್ಲ.

ಊಟದ ವಿಚಾರದಲ್ಲಿ ನಮ್ಮವರಿಗೆ ಉಪದೇಶ ಬೇಡ. ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇಲ್ಲದೆ ಹೊರಟ ಕನ್ನಡದ ಮನೆಯೇ ಇಲ್ಲವೇನೋ. ಟೋರಿಯಂಥ ಊರಲ್ಲಿ ರಾತ್ರಿ ಎಂಟಕ್ಕೆ ಹೋಟೆಲ್ ಬಾಗಿಲು ಹಾಕಿದಾಗ ಆ ಕುಕ್ಕರಿನ ಬೆಲೆ ತಿಳಿಯುತ್ತದೆ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ನೀರು ಡಿಕ್ಕಿಯಲ್ಲಿರಲಿ. ಗಾಳಿ ಒಣಗಿರುವುದರಿಂದ ಬೆವರಿದ್ದೇ ಗೊತ್ತಾಗುವುದಿಲ್ಲ. ಮಂಡಿ ನೋವಿನವರಿಗೆ ಇದು ಕೈಲಾಗದ ಪ್ರವಾಸವೇನಲ್ಲ. ಬ್ರೈಸ್‌ನಲ್ಲಿ ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ವರೆಗೆ ಸಮತಟ್ಟಾದ ಟಾರು ಹಾದಿ, ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದಂಚಿನಲ್ಲೂ ಅಂಥದೇ ಹಾದಿ ಮೈಲಿಗಟ್ಟಲೆ ಇದೆ.

ದಿನಗಳು ಕಡಿಮೆಯಿದ್ದರೆ ಮೋಆಬ್ ಮತ್ತು ಮಾನ್ಯುಮೆಂಟ್ ವ್ಯಾಲಿಯನ್ನು ಕತ್ತರಿಸಿ. ಝಯಾನ್, ಬ್ರೈಸ್, ಹೈವೇ 12ರ ಒಂದು ಹಗಲು, ಅಷ್ಟೇ ಸಾಕು. ನ್ಯೂಜೆರ್ಸಿ, ವರ್ಜೀನಿಯಾ ಕಡೆಯವರಿಗೆ ಪಶ್ಚಿಮ ದೂರವಾದರೆ 469 ಮೈಲಿಯ ಬ್ಲೂ ರಿಡ್ಜ್ ಪಾರ್ಕ್‌ವೇ ಇದೆ. 1935ರಲ್ಲಿ ಶುರುವಾಗಿ 1987ರಲ್ಲಿ ಮುಗಿದ ಆ ರಸ್ತೆಯಲ್ಲಿ ಲಾರಿಗಳಿಲ್ಲ, ವೇಗದ ಮಿತಿ ಗಂಟೆಗೆ 45 ಮೈಲಿ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಅದರ ಉತ್ತರ ಕೆರೊಲಿನಾ ಭಾಗವನ್ನು ಹಲವೆಡೆ ಕಿತ್ತುಹಾಕಿತು, ಯಾವ ತುಂಡು ತೆರೆದಿದೆ ಎಂದು ನೋಡಿಕೊಂಡೇ ಹೊರಡಬೇಕು. ಎಲೆಗಳ ಬಣ್ಣ ಅಲ್ಲಿ ಎತ್ತರದ ಬೆಟ್ಟಗಳಿಂದ ಕೆಳಕ್ಕೆ ವಾರದಿಂದ ವಾರಕ್ಕೆ ಇಳಿಯುತ್ತಾ ಬರುತ್ತದೆ. ಅಕ್ಟೋಬರ್ ಮೊದಲಿಗೆ ರಜೆ ಸಿಕ್ಕಿದರೆ ಮೇಲೆ ಹೋಗಿ, ತಿಂಗಳ ಕೊನೆಗೆ ಸಿಕ್ಕಿದರೆ ಕಣಿವೆಗಳ ಕಡೆ ರೂಮ್ ಹುಡುಕಿ.