ಮೀಟರಿನಲ್ಲಿ 12 ವೋಲ್ಟ್, ದೀಪದಲ್ಲಿ ಕತ್ತಲೆ

ಕಳೆದ ತಿಂಗಳು ದ್ವಿತೀಯ ಪಿಯುಸಿ ಪ್ರಾಯೋಗಿಕ ತರಗತಿ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬ ನನ್ನ ಮೇಜಿನ ಬಳಿ ಬಂದ. "ಸರ್, ವಯರಿನ ತುದಿಯಲ್ಲಿ ಪೂರ್ತಿ ವೋಲ್ಟ್ ತೋರಿಸುತ್ತದೆ. ಬಲ್ಬ್ ಜೋಡಿಸಿದರೆ ಸುಮ್ಮನೆ ಮಿಣುಕುತ್ತದೆ. ಮೀಟರ್ ಹಾಳಾಗಿರಬೇಕು" ಎಂದ. ಮೀಟರ್ ಸರಿಯಾಗಿಯೇ ಇತ್ತು. ಇದೇ ಪ್ರಶ್ನೆಗೆ ನಾನೂ ಒಮ್ಮೆ ತಪ್ಪು ಉತ್ತರ ಕಂಡುಕೊಂಡು, ಅದರಿಂದ ಒಬ್ಬ ತಂದೆ ಮತ್ತು ಮಗನ ಜೀವಕ್ಕೆ ಕುತ್ತು ಬರುವುದರಲ್ಲಿತ್ತು. ಆ ಕಥೆಯನ್ನು ಅವನಿಗೆ ಹೇಳಿದೆ. ಕೇಳಿಸಿಕೊಂಡ ಭೌತಶಾಸ್ತ್ರ ಉಪನ್ಯಾಸಕರು ವಾರ್ತಾಪತ್ರಕ್ಕೆ ಬರೆದುಕೊಡಿ ಎಂದರು.

ಈ ಕಾಲೇಜಿನ ಲ್ಯಾಬಿಗೆ ಸೇರುವ ಮೊದಲು ನಾನು ಮಸ್ಕತ್‌ನಲ್ಲಿ ಕೆಲವು ವರ್ಷ ಸಣ್ಣ ದೋಣಿಗಳ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ವಯರಿಂಗ್ ಕೆಲಸದಲ್ಲಿದ್ದೆ. ಅಲ್ಲಿಗೆ ಒಮ್ಮೆ ಸುಮಾರು ಎಂಟು ಮೀಟರ್ ಉದ್ದದ ಹಾಯಿದೋಣಿಯೊಂದು ಬಂತು. ಬಲಗಡೆಯ ಹಸಿರು ದೀಪ ಉರಿಯುವುದಿಲ್ಲ ಎಂಬುದು ಮಾಲೀಕನ ದೂರು.

ದೋಣಿಯ ಈ ದೀಪಗಳು ನಮ್ಮ ಬೈಕಿನ ಹೆಡ್‌ಲೈಟ್‌ನಂತೆ ದಾರಿ ನೋಡಲು ಇರುವುದಲ್ಲ. ನಾವು ಬೇರೆಯವರಿಗೆ ಕಾಣಲು, ಅದಕ್ಕಿಂತ ಹೆಚ್ಚಾಗಿ ನಾವು ಯಾವ ಕಡೆಗೆ ಹೋಗುತ್ತಿದ್ದೇವೆ ಎಂದು ತಿಳಿಸಲು ಇರುವಂಥವು. 1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ. ಕೆಂಪು ಮತ್ತು ಹಸಿರು ತಲಾ 112.5 ಡಿಗ್ರಿಯಷ್ಟು, ಬಿಳಿ 135 ಡಿಗ್ರಿಯಷ್ಟು ಹರಡಬೇಕು. ಮೂರನ್ನೂ ಕೂಡಿಸಿ ನೋಡಿ, ಸರಿಯಾಗಿ 360 ಆಗುತ್ತದೆ. ಯಾವ ದಿಕ್ಕಿನಿಂದ ನೋಡಿದರೂ ಒಂದಲ್ಲ ಒಂದು ದೀಪ ಕಾಣಲೇಬೇಕು ಎಂಬುದು ಲೆಕ್ಕಾಚಾರ. ಹಸಿರು ಆರಿದರೆ ಬಲಗಡೆಯಿಂದ ಬರುವವನ ಪಾಲಿಗೆ ಆ ದೋಣಿಯೇ ಇಲ್ಲ. 12 ಮೀಟರಿಗಿಂತ ಚಿಕ್ಕ ದೋಣಿಯ ಈ ಬಣ್ಣದ ದೀಪಗಳು ಕನಿಷ್ಠ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರ್ ದೂರಕ್ಕೆ ಕಾಣಬೇಕು. ಹಾಗಾಗಿ ಮಂದವಾಗಿ ಉರಿಯುವುದೂ ಒಂದು ದೋಷವೇ.

ನಾನು ಮಾಡಿದ್ದು ಇಷ್ಟು. ಬಲ್ಬ್ ಕಳಚಿ ಹೋಲ್ಡರಿನ ಎರಡು ತುದಿಗಳಿಗೆ ಮಲ್ಟಿಮೀಟರಿನ ಕಡ್ಡಿ ಇಟ್ಟೆ. 12.4 ವೋಲ್ಟ್ ತೋರಿಸಿತು. ವಯರಿಂಗ್ ಸರಿಯಿದೆ, ಬಲ್ಬೇ ಹೋಗಿದೆ ಎಂದುಕೊಂಡೆ. ಹೋಲ್ಡರನ್ನು ಮರಳು ಕಾಗದದಿಂದ ಉಜ್ಜಿ ಹೊಸ ಬಲ್ಬ್ ಹಾಕಿದೆ. ದೀಪ ಹೊತ್ತಿತು. ಹಗಲಿನ ಬೆಳಕಿನಲ್ಲಿ ಅದು ಎಷ್ಟು ಪ್ರಕಾಶವಾಗಿದೆ ಎಂದು ನೋಡುವ ಗೋಜಿಗೆ ಹೋಗಲಿಲ್ಲ. ಕೀಲಿ ಕೊಟ್ಟು ಕಳುಹಿಸಿದೆ.

ಎರಡು ದಿನ ಬಿಟ್ಟು ಮಾಲೀಕ ಮತ್ತೆ ಬಂದ. ಹಿಂದಿನ ರಾತ್ರಿ ಹದಿಮೂರು ವರ್ಷದ ಮಗನೊಂದಿಗೆ ಮರಳುವಾಗ ಅಲೆಗೆ ದೋಣಿ ಕುಲುಕಿ ಹಸಿರು ದೀಪ ಆರಿತ್ತು. ಬಲಗಡೆಯಿಂದ ಮೋಟಾರು ದೋಣಿಯೊಂದು ವೇಗ ತಗ್ಗಿಸದೆ ನೇರ ಬರುತ್ತಿತ್ತು. ನಿಯಮದ ಪ್ರಕಾರ ಹಾಯಿಯಲ್ಲಿ ಸಾಗುವವನಿಗೆ ಮೋಟಾರಿನವನು ದಾರಿ ಬಿಡಬೇಕು, ಆದರೆ ಅವನಿಗೆ ಕಂಡರೆ ತಾನೆ? ಹುಡುಗ ಟಾರ್ಚ್ ತೆಗೆದು ಬಿಳಿ ಹಾಯಿಯ ಮೇಲೆ ಬೆಳಕು ಬಿಟ್ಟ. ಅಷ್ಟು ದೊಡ್ಡ ಬಿಳುಪು ಕಂಡದ್ದೇ ಮೋಟಾರಿನವನು ದೋಣಿ ತಿರುಗಿಸಿಕೊಂಡನಂತೆ. ಮಾಲೀಕ ಬೈಯಲಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಅಂಗಡಿಯ ಹಿರಿಯ ಮೇಸ್ತ್ರಿ ಕಣ್ಣೂರಿನವರು. ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ನಾನು ಮಾಡಿದ್ದನ್ನು ಕೇಳಿ, "ಮೋನೇ, ಹೊರೆ ಹೊರಿಸದೆ ಕತ್ತೆಗೆ ಬಲವಿದೆಯೋ ಇಲ್ಲವೋ ಹೇಳಲು ಆಗುತ್ತದೆಯೇ? ಬಲ್ಬ್ ಉರಿಯುತ್ತಿರುವಾಗಲೇ ಅಳೆಯಬೇಕು" ಎಂದರು.

ಅಳೆದೆವು. ಬಲ್ಬ್ ಉರಿಯುವಾಗ ಬ್ಯಾಟರಿಯಲ್ಲಿ 12.4 ವೋಲ್ಟ್, ಬಲ್ಬಿನ ಎರಡು ತುದಿಗಳ ನಡುವೆ ಬರೀ 10.3. ಉಳಿದ 2.1 ವೋಲ್ಟ್ ಎಲ್ಲಿ ಹೋಯಿತು? ಕಾಕ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಬಲ್ಬಿನ ಪಾಸಿಟಿವ್‌ಗೆ ಇಟ್ಟರು: 0.2. ಆಮೇಲೆ ಬ್ಯಾಟರಿಯ ನೆಗೆಟಿವ್‌ನಿಂದ ಬಲ್ಬಿನ ನೆಗೆಟಿವ್‌ಗೆ: 1.9. ಒಂದೇ ವಯರಿನ ಎರಡು ತುದಿಗಳ ನಡುವೆ ವಿಭವಾಂತರ ಹೆಚ್ಚುಕಡಿಮೆ ಸೊನ್ನೆ ಇರಬೇಕು. 1.9 ಇದೆ ಎಂದರೆ ಆ ದಾರಿಯಲ್ಲಿ ಎಲ್ಲೋ ಒಂದು ರೋಧ ಕುಳಿತಿದೆ.

ಇದು ನಿಮ್ಮ ಪಠ್ಯದಲ್ಲಿರುವ ಓಮನ ನಿಯಮವೇ. 10 ವ್ಯಾಟಿನ 12 ವೋಲ್ಟ್ ಬಲ್ಬಿನ ರೋಧ ಉರಿಯುವಾಗ ಸುಮಾರು 14.4 ಓಮ್. 10.3 ವೋಲ್ಟಿಗೆ ಅದರಲ್ಲಿ ಹರಿಯುವುದು ಸುಮಾರು 0.7 ಆಂಪಿಯರ್. 1.9ನ್ನು 0.7ರಿಂದ ಭಾಗಿಸಿದರೆ ಕೆಟ್ಟ ಜಾಗದ ರೋಧ 2.7 ಓಮ್‌ನಷ್ಟು. ಬಲ್ಬ್ ಇಲ್ಲದಿದ್ದಾಗ ಮಾತ್ರ ಸರಣಿಯಲ್ಲಿರುವುದು ಮೀಟರ್ ಒಂದೇ. ಸಾಮಾನ್ಯ ಡಿಜಿಟಲ್ ಮೀಟರಿನ ರೋಧ ಒಂದು ಕೋಟಿ ಓಮ್. ಅದರ ಮುಂದೆ 2.7 ಓಮ್ ಎಲ್ಲಿ ಲೆಕ್ಕಕ್ಕೆ ಬರುತ್ತದೆ? ಹರಿಯುವ ವಿದ್ಯುತ್ತು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಕೆಟ್ಟ ಜಾಗದಲ್ಲಿ ಏನೂ ಇಳಿಯದೆ ಮೀಟರ್ ಪೂರ್ತಿ 12.4 ತೋರಿಸುತ್ತದೆ. ಅದು ಸುಳ್ಳು ಹೇಳುತ್ತಿಲ್ಲ, ನಾವು ಕೇಳಿದ ಪ್ರಶ್ನೆಯೇ ಬೇರೆ. ತಂತಿ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುವುದರಿಂದ, 12ರ ಬದಲು 10.3 ಸಿಕ್ಕಿದರೆ ಬೆಳಕು ಶೇಕಡಾ 60ರ ಆಸುಪಾಸಿಗೆ ಬರುತ್ತದೆ.

ಖಚಿತಪಡಿಸಿಕೊಳ್ಳಲು ಕಾಕ ಫ್ಯೂಸ್ ಇರುವ ಉದ್ದನೆಯ ವಯರೊಂದನ್ನು ಬ್ಯಾಟರಿಯ ನೆಗೆಟಿವ್‌ನಿಂದ ನೇರ ಬಲ್ಬಿನ ನೆಗೆಟಿವ್‌ಗೆ ಮುಟ್ಟಿಸಿದರು. ದೀಪ ಝಗ್ಗೆಂದಿತು. (ಇದನ್ನು ಮಾಡುವಾಗ ಕೈಯ ಉಂಗುರ, ಸ್ಟೀಲಿನ ವಾಚು ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯದಿದ್ದರೂ ಬ್ಯಾಟರಿ ಶಾರ್ಟ್ ಆದರೆ ಉಂಗುರ ಕೆಂಪಗೆ ಕಾಯುತ್ತದೆ.)

ಆ ನೆಗೆಟಿವ್ ವಯರನ್ನು ಹಿಡಿದು ಹೋದಾಗ ಜೋಡಣೆ ಸಿಕ್ಕಿದ್ದು ದೋಣಿಯ ಮುಂತುದಿಯಲ್ಲಿ, ಒದ್ದೆ ಹಗ್ಗ ಮತ್ತು ಲಂಗರು ತುಂಬುವ ಗೂಡಿನ ತಳದಲ್ಲಿ. ಯಾರೋ ಎರಡು ವಯರನ್ನು ಕೈಯಿಂದ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪ್ ನೀರನ್ನು ತಡೆಯುವುದಿಲ್ಲ, ಒಳಗೆ ಹೋದ ಉಪ್ಪುನೀರನ್ನು ಒಣಗಲು ಬಿಡುವುದೂ ಇಲ್ಲ. ಬಿಚ್ಚಿದರೆ ಹಸಿರು ಕಿಲುಬು ಪುಡಿಯಾಗಿ ಉದುರಿತು. ನೀರು ಎಳೆಗಳ ಸಂದಿನಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ, ನಾಲ್ಕು ಬೆರಳಿನಷ್ಟು ಉದ್ದಕ್ಕೆ ಪ್ಲಾಸ್ಟಿಕ್ಕಿನ ಒಳಗೂ ತಾಮ್ರ ಕಪ್ಪಾಗಿತ್ತು. ದೋಣಿ ಕುಲುಕಿದಾಗ ಉಳಿದ ಒಂದೆರಡು ಎಳೆಗಳೂ ಬಿಡುತ್ತಿದ್ದವು.

ಅಷ್ಟನ್ನೂ ಕತ್ತರಿಸಿ ಎಸೆದು, ತವರ ಲೇಪಿಸಿದ ತಾಮ್ರದ ಹೊಸ ವಯರ್ ಎಳೆದೆವು. ಬೆಸುಗೆ ಹಾಕಲೇ ಎಂದು ಕೇಳಿದೆ. ಕಾಕ ಬೇಡವೆಂದರು. ಬೆಸುಗೆ ಹೀರಿದ ವಯರ್ ಕಡ್ಡಿಯಂತೆ ಗಟ್ಟಿಯಾಗುತ್ತದೆ, ದಿನವಿಡೀ ಅದುರುವ ಜಾಗದಲ್ಲಿ ಗಟ್ಟಿ ಭಾಗ ಮುಗಿಯುವ ಕಡೆ ಮುರಿಯುತ್ತದೆ. ಬದಲಿಗೆ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿದೆವು. ಜೋಡಣೆಯನ್ನು ಗೂಡಿನ ಮೇಲ್ಭಾಗಕ್ಕೆ ಏರಿಸಿ, ಹತ್ತಿರದಲ್ಲೇ ವಯರನ್ನು ಸ್ವಲ್ಪ ಕೆಳಕ್ಕೆ ಇಳಿಬಿಟ್ಟೆವು. ವಯರಿನ ಮೇಲೆ ಹರಿದು ಬರುವ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆಮೇಲೆ ಅಳೆದಾಗ ಆ 1.9 ವೋಲ್ಟ್ 0.1ಕ್ಕೆ ಇಳಿದಿತ್ತು.

ಈಗ ಎಲ್ಲೆಡೆ ಎಲ್‌ಇಡಿ ಬಂದಿದೆ. ಕಡಿಮೆ ವಿದ್ಯುತ್ ಸಾಕಾಗುವುದರಿಂದ ಕಿಲುಬು ಹಿಡಿದ ಜೋಡಣೆಯಲ್ಲೂ ಅದು ಸ್ವಲ್ಪ ಕಾಲ ಚೆನ್ನಾಗಿಯೇ ಉರಿಯುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ ಜಾಸ್ತಿ. ಪಾಸಿಟಿವ್, ನೆಗೆಟಿವ್ ಅದಲುಬದಲಾದರೆ ಉರಿಯುವುದೇ ಇಲ್ಲ, ಅದನ್ನು ಮೊದಲು ನೋಡಿ.

ಅಂದು ಕೆಲಸ ಮುಗಿದರೂ ಕಾಕ ಕೀಲಿ ಕೊಡಲು ಬಿಡಲಿಲ್ಲ. ಸೂರ್ಯ ಮುಳುಗಲಿ ಎಂದರು. ಕತ್ತಲಾದ ಮೇಲೆ ದೀಪ ಹಾಕಿ, ನಾನು ಮತ್ತು ಮಾಲೀಕನ ಮಗ ದಕ್ಕೆಯ ಕೊನೆಯವರೆಗೆ ನಡೆದು ಹೋಗಿ ತಿರುಗಿ ನೋಡಿದೆವು. ಹಸಿರು ದೀಪ ಕಾಣುತ್ತಿತ್ತು. ಕಾಕ ಮುಂತುದಿಯನ್ನು ಕಾಲಿನಿಂದ ಜೋರಾಗಿ ಕುಲುಕಿದರು. ಆಗಲೂ ಕಾಣುತ್ತಿತ್ತು.

ಲ್ಯಾಬಿನ ವಿದ್ಯಾರ್ಥಿಯ ಕಥೆ ಹೇಳಲು ಮರೆತೆ. ಅವನ ಕ್ಲಿಪ್ಪಿನ ಹಲ್ಲುಗಳಿಗೆ ತುಕ್ಕು ಹಿಡಿದಿತ್ತು. ಮನೆಯಲ್ಲಿ ದೋಣಿ, ಸ್ಕೂಟರ್ ಯಾವುದಾದರೂ ಹೀಗೆ ಮಿಣುಕುತ್ತಿದ್ದರೆ ಲ್ಯಾಬಿಗೆ ಬನ್ನಿ, ಉರಿಯುತ್ತಿರುವಾಗ ಅಳೆಯುವುದು ಹೇಗೆಂದು ತೋರಿಸುತ್ತೇನೆ.