ಮಳೆ ಬಂದರೂ ಬೇಗೆ ಬಿಡದ ನಾಡು

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಸುತ್ತಮುತ್ತ, ಚಾಂಡ್ಲರ್, ಗಿಲ್ಬರ್ಟ್‌ನಂಥ ಊರುಗಳಲ್ಲಿ, ಚಿಪ್ ಮತ್ತು ಸಾಫ್ಟ್‌ವೇರ್ ಕಂಪನಿಗಳ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳು ಬಹಳ. ಮೊಮ್ಮಕ್ಕಳಿಗೆ ಬೇಸಿಗೆ ರಜೆ ಬಂದಾಗ ಊರಿನಿಂದ ಅಜ್ಜ-ಅಜ್ಜಿ ಹೊರಡುತ್ತಾರೆ. ಅಲ್ಲಿ ಭಾರಿ ಬಿಸಿಲಂತೆ ಎಂದು ಅವರು ಹಿಂಜರಿದರೆ ಫೋನಿನ ಆ ಕಡೆಯಿಂದ ಸಮಾಧಾನ ಬರುತ್ತದೆ: "ಜುಲೈನಲ್ಲಿ ಇಲ್ಲೂ ಮಾನ್ಸೂನ್ ಶುರುವಾಗುತ್ತಮ್ಮ, ತಂಪಾಗುತ್ತೆ ಬಿಡಿ."

ತಪ್ಪು ತಿಳಿವಳಿಕೆ ಶುರುವಾಗುವುದು ಈ ಸಮಾಧಾನದಲ್ಲೇ. ನಮ್ಮ ಕಡೆ ಮುಂಗಾರು ಬಂತೆಂದರೆ ಬೇಸಿಗೆ ಮುಗಿಯಿತು. ಫೀನಿಕ್ಸ್ ಇರುವ ಸೊನೋರನ್ ಮರುಭೂಮಿಯಲ್ಲಿ ಮಳೆಗಾಲ ಬರುವುದು ಬೇಸಿಗೆಯ ಒಡಲೊಳಗೆ. ಅಲ್ಲಿ ಬೇಗೆ ಗುಡುಗುಮಳೆಯನ್ನು ಹುಟ್ಟಿಸುತ್ತದೆ, ಗುಡುಗುಮಳೆ ಬೇಗೆಯನ್ನು ಇನ್ನಷ್ಟು ಅಪಾಯಕಾರಿಯಾಗಿಸುತ್ತದೆ. ಹೋಗುವವರೂ ಅಲ್ಲೇ ಇರುವವರೂ ಇದನ್ನು ಸರಿಯಾಗಿ ತಿಳಿದುಕೊಳ್ಳಲೇಬೇಕು. ಪ್ರತಿ ಬೇಸಿಗೆಯಲ್ಲೂ ಅಲ್ಲಿ ಜನ ಸಾಯುತ್ತಿದ್ದಾರೆ.

ತಪ್ಪು ಕಲ್ಪನೆ: ಅಲ್ಲಿನದು ಹೆಸರಿಗಷ್ಟೇ ಮಾನ್ಸೂನ್.

ವಾಸ್ತವ: ಮುಂಗಾರನ್ನು ಮುಂಗಾರಾಗಿಸುವುದು ಋತುವಿನೊಡನೆ ದಿಕ್ಕು ಬದಲಿಸುವ ಗಾಳಿ. ಜೂನ್‌ವರೆಗೆ ಅರಿಜೋನಾದ ಮೇಲೆ ಪಶ್ಚಿಮದ ಒಣಗಾಳಿ ಬೀಸುತ್ತದೆ. ಜುಲೈ ಹೊತ್ತಿಗೆ ಅದು ದಿಕ್ಕು ತಿರುಗಿ, ದಕ್ಷಿಣದಿಂದ, ಆಗ್ನೇಯದಿಂದ ಬೀಸುತ್ತ ಕ್ಯಾಲಿಫೋರ್ನಿಯಾ ಕೊಲ್ಲಿ ಮತ್ತು ಪೆಸಿಫಿಕ್ ಸಾಗರದ ಬೆಚ್ಚಗಿನ ನೀರಿನ ಮೇಲಿಂದ ತೇವ ಹೊತ್ತು ತರುತ್ತದೆ. ಗಾಳಿ ಹೀಗೆ ತಿರುಗುವುದಕ್ಕೆ ಕಾದ ನೆಲವೇ ಕಾರಣ ಎಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. 2021ರಲ್ಲಿ ಹವಾಮಾನ ವಿಜ್ಞಾನಿಗಳಾದ ವಿಲಿಯಂ ಬೂಸ್ ಮತ್ತು ಸಾಲ್ವಟೋರ್ ಪಸ್ಕಾಲೆ 'ನೇಚರ್' ಪತ್ರಿಕೆಯಲ್ಲಿ ಬೇರೆ ವಾದ ಮುಂದಿಟ್ಟರು. ಮೆಕ್ಸಿಕೊದ ಸಿಯೆರಾ ಮಾಡ್ರೆ ಪರ್ವತಸಾಲು ಎತ್ತರದ ಗಾಳಿಪ್ರವಾಹಕ್ಕೆ ಅಡ್ಡನಿಂತು ಅದನ್ನು ದಕ್ಷಿಣಕ್ಕೆ ಬಾಗಿಸುತ್ತದೆ, ಮಳೆಗೆ ಅದೇ ಮುಖ್ಯ ಕಾರಣ ಎಂದು. ಸಹ್ಯಾದ್ರಿ ಮೋಡಗಳನ್ನು ತಡೆದು ಮಳೆ ಸುರಿಸುವುದನ್ನು ನೋಡುತ್ತ ಬೆಳೆದ ನಮಗೆ ಬೆಟ್ಟಗಳ ಈ ಮಹಿಮೆ ಬೇಗ ಅರ್ಥವಾಗುತ್ತದೆ.

ಈ ಮುಂಗಾರಿನ ನಡುಮನೆ ವಾಯವ್ಯ ಮೆಕ್ಸಿಕೊ. ಅರಿಜೋನಾ ಇರುವುದು ಅದರ ಬಡಗಣ ಅಂಚಿನಲ್ಲಿ, ಹಾಗಾಗಿ ಮಳೆಯ ಭರವಸೆ ಕಡಿಮೆ. ಅಲ್ಲಿನ ಟೂಸಾನ್ ನಗರಕ್ಕೆ 2020ರ ಮಳೆಗಾಲದಲ್ಲಿ ಬಿದ್ದದ್ದು ಸುಮಾರು 41 ಮಿ.ಮೀ., ಮರುವರ್ಷ ಅದೇ ಊರಿಗೆ ಸುಮಾರು 325 ಮಿ.ಮೀ. ಫೀನಿಕ್ಸ್‌ನ ಇಡೀ ವರ್ಷದ ವಾಡಿಕೆ ಮಳೆಯೇ 183 ಮಿ.ಮೀ., ಅದರಲ್ಲಿ ಮಳೆಗಾಲದ ಪಾಲು ಮೂರನೇ ಒಂದರಷ್ಟು. ಆರಿದ್ರಾ, ಪುಷ್ಯ ಮಳೆಗಳ ಜಡಿಯನ್ನು ಅಲ್ಲಿ ನಿರೀಕ್ಷಿಸಬಾರದು. ಭರಣಿ, ಕೃತ್ತಿಕೆಯ ಹೊತ್ತಿನಲ್ಲಿ ನಮ್ಮ ಬಯಲುಸೀಮೆಗೆ ಸಂಜೆಯ ಮೇಲೆ ನುಗ್ಗಿ ಬರುವ ಗುಡುಗುಮಳೆಯ ಸ್ವಭಾವ ಅದರದು. ಒಂದು ಬೀದಿ ತೊಯ್ದರೆ ಪಕ್ಕದ ಬೀದಿಗೆ ಹನಿ ಇಲ್ಲ.

ತಪ್ಪು ಕಲ್ಪನೆ: ಮಳೆ ಶುರುವಾದರೆ ಸೆಖೆಯ ಕಾಟ ಮುಗಿಯಿತು.

ವಾಸ್ತವ: ಮಳೆ ಸುರಿದ ಜಾಗದಲ್ಲಿ ಅರ್ಧ ಗಂಟೆಯೊಳಗೆ ಹತ್ತು-ಹದಿನೈದು ಡಿಗ್ರಿ ಇಳಿಯುವುದುಂಟು. ಮರುದಿನ ಬೆಳಗ್ಗೆ ಸೂರ್ಯ ಬಂದನೆಂದರೆ ಮತ್ತೆ 40 ಡಿಗ್ರಿ, ಈ ಸಲ ತೇವದ ಸಮೇತ.

ದಾಖಲೆಯ ಹಗಲುಗಳಲ್ಲಿ ಹಲವು ಮಳೆಗೆ ಮುಂಚಿನ ಜೂನ್‌ನವು. ಫೀನಿಕ್ಸ್‌ನ ಅತಿ ಹೆಚ್ಚಿನ ಉಷ್ಣಾಂಶ, 50 ಡಿಗ್ರಿ ಸೆಲ್ಸಿಯಸ್, ದಾಖಲಾದದ್ದು 1990ರ ಜೂನ್ 26ರಂದು. ಅಂಥ ಒಣ ಬಿಸಿಲಿನಲ್ಲಿ ಬೆವರು ಮೈಮೇಲೆ ಕಾಣುವ ಮೊದಲೇ ಆರಿಹೋಗುತ್ತದೆ. ಅದರಿಂದ ಮೈ ತಣಿಯುತ್ತದೆ ನಿಜ, ಆದರೆ ಎಷ್ಟು ನೀರು ಕಳೆದುಕೊಂಡೆವೆಂಬುದು ಗೊತ್ತಾಗುವುದಿಲ್ಲ. ಮಂಗಳೂರಿನಿಂದ ಹೋದವರು "ಇಲ್ಲಿ ಬೆವರೇ ಇಲ್ಲ, ಪರವಾಗಿಲ್ಲ" ಎಂದು ಮೋಸ ಹೋಗುವುದು ಇಲ್ಲೇ. ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಬೇಕು.

ಜುಲೈನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಹಗಲಿನ ಅಂಕಿ ಕೊಂಚ ಇಳಿದ ದಿನಗಳಲ್ಲೂ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವ ದಾರಿಯೇ ಕಟ್ಟಿಹೋಗುತ್ತದೆ. ಕಲಬುರಗಿ, ರಾಯಚೂರಿನ ಮನೆಗಳಲ್ಲಿ ಏಪ್ರಿಲ್-ಮೇ ಕಳೆಯಲು ನೆರವಾಗುವ ನೀರಿನ ಕೂಲರ್ ಅರಿಜೋನಾದ ಹಳೆಯ ಮನೆಗಳಲ್ಲೂ ಇದೆ. ಜೂನ್‌ನ ಒಣಗಾಳಿಯಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಮಳೆಗಾಲದ ತೇವ ಬಂದ ಮೇಲೆ ಅದು ಬೀಸುವುದು ಬರೀ ಹಸಿ ಸೆಖೆ. ಎ.ಸಿ. ಕೊಳ್ಳಲಾಗದ, ಕೆಟ್ಟ ಎ.ಸಿ. ರಿಪೇರಿ ಮಾಡಿಸಲಾಗದ ಬಡವರು ಮತ್ತು ವಯಸ್ಸಾದವರು ಸಿಕ್ಕಿಬೀಳುವುದು ಆಗ. ಬಿರುಗಾಳಿಗೆ ಕರೆಂಟ್ ಕಂಬ ಉರುಳಿದರಂತೂ ಎ.ಸಿ. ಇದ್ದವರ ಮನೆಯೂ ಕೆಲವೇ ಗಂಟೆಗಳಲ್ಲಿ ಕಾದುಬಿಡುತ್ತದೆ. ಮಳೆಯೂ ಬೇಗೆಯೂ ಕೈಜೋಡಿಸುವ ಈ ಗಳಿಗೆಯೇ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು.

ತಪ್ಪು ಕಲ್ಪನೆ: ಮರುಭೂಮಿಯಲ್ಲಿ ಹಗಲು ಎಷ್ಟೇ ಸುಟ್ಟರೂ ರಾತ್ರಿ ತಂಪು.

ವಾಸ್ತವ: ಊರಾಚೆಯ ಬಯಲಿನಲ್ಲಿ, ಒಣ ಹವೆಯಿರುವಾಗ ಈ ಮಾತು ಸರಿ. ನಗರದ ಡಾಂಬರು, ಕಾಂಕ್ರೀಟು ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿ ಬಿಡುತ್ತವೆ. ಮಳೆಗಾಲದ ನೀರಾವಿಯು ಆ ಶಾಖ ಆಕಾಶಕ್ಕೆ ಹೋಗದಂತೆ ತಡೆಯುತ್ತದೆ. 2023ರ ಜೂನ್ 30ರಿಂದ ಜುಲೈ 30ರವರೆಗೆ ಫೀನಿಕ್ಸ್‌ನಲ್ಲಿ ಸತತ 31 ದಿನ 43.3 ಡಿಗ್ರಿ ಮುಟ್ಟಿದ್ದು ಅಥವಾ ದಾಟಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಅದಕ್ಕಿಂತ ಕ್ರೂರವಾಗಿದ್ದವು ಆ ರಾತ್ರಿಗಳು. ಸತತ 16 ರಾತ್ರಿ ಕನಿಷ್ಠ ಉಷ್ಣಾಂಶ 32 ಡಿಗ್ರಿಗಿಂತ ಕೆಳಗೆ ಬರಲೇ ಇಲ್ಲ. ಜುಲೈ 19ರಂದು ಕನಿಷ್ಠವೇ 36 ಡಿಗ್ರಿ. ಹಗಲಿನ ದಣಿವನ್ನು ದೇಹ ಸರಿಪಡಿಸಿಕೊಳ್ಳುವುದು ರಾತ್ರಿಯಲ್ಲಿ. ಆ ಬಿಡುವೂ ಸಿಗದೆ ಹೋದರೆ ಹೃದಯ, ಮೂತ್ರಪಿಂಡ ಸೋಲುತ್ತ ಬರುತ್ತವೆ. ಆ ವರ್ಷ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯೊಂದರಲ್ಲೇ ಬಿಸಿಲಿಗೆ ಸಂಬಂಧಿಸಿದ 645 ಸಾವುಗಳು ದಾಖಲಾದವು. ಸತ್ತವರಲ್ಲಿ ಅರ್ಧದ ಹತ್ತಿರ ಮಂದಿ ಮನೆಯಿಲ್ಲದವರು. ಅಷ್ಟು ಶ್ರೀಮಂತ ದೇಶದಲ್ಲಿ ಇದು ಆಗಬಾರದಾಗಿತ್ತು.

ತಪ್ಪು ಕಲ್ಪನೆ: ನೆಲ ಮುಟ್ಟದ ಮಳೆಯಿಂದ ಯಾರಿಗೇನು ತೊಂದರೆ?

ವಾಸ್ತವ: ಮಳೆಗಾಲದ ಸಂಜೆ ಮೋಡದಿಂದ ಬೂದು ಎಳೆಗಳು ಜೋಲುತ್ತಿರುತ್ತವೆ, ನೆಲಕ್ಕೆ ಮಾತ್ರ ಹನಿ ಬೀಳುವುದಿಲ್ಲ. ಹನಿಗಳು ನಡುದಾರಿಯ ಒಣಗಾಳಿಯಲ್ಲೇ ಆವಿಯಾಗುತ್ತಿರುತ್ತವೆ. ಹಾಗೆ ಆವಿಯಾಗುವಾಗ ಸುತ್ತಲ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಕೆಳಗೆ ಧುಮುಕುತ್ತದೆ, ನೆಲಕ್ಕೆ ಬಡಿದು ಸುತ್ತಲೂ ನುಗ್ಗುತ್ತದೆ. ಮರಗಳನ್ನು ಉರುಳಿಸುವುದು ಈ ಗಾಳಿ. ಒಣಹೊಲಗಳ ಮೇಲೆ ಹಾದರೆ ಅದು ಎಬ್ಬಿಸುವ ಧೂಳಿನ ಗೋಡೆಗೆ ಹಬೂಬ್ ಎನ್ನುತ್ತಾರೆ. 2011ರ ಜುಲೈ 5ರ ಸಂಜೆ ಫೀನಿಕ್ಸ್ ಮೇಲೆ ಬಂದ ಹಬೂಬ್ ಒಂದೂವರೆ ಕಿಲೋಮೀಟರಿಗೂ ಎತ್ತರ, ಸುಮಾರು 160 ಕಿಲೋಮೀಟರ್ ಅಗಲ ಇತ್ತು. ನಮ್ಮ ಬಯಲಿನಲ್ಲಿ ಮಟಮಟ ಮಧ್ಯಾಹ್ನ ತರಗೆಲೆ ಸುತ್ತಿಸಿಕೊಂಡು ಏಳುವ ಸುಂಟರಗಾಳಿಗೂ ಇದಕ್ಕೂ ನಂಟಿಲ್ಲ. ಅದು ಕಾದ ನೆಲದಿಂದ ಮೇಲೇಳುವಂಥದ್ದು, ಇದು ಮೋಡದಿಂದ ಇಳಿಯುವಂಥದ್ದು.

ಮಳೆಯಿಲ್ಲದ ಸಿಡಿಲು ಇನ್ನೂ ಕೆಟ್ಟದ್ದು. 2013ರ ಜೂನ್ 28ರಂದು ಯಾರ್ನೆಲ್ ಎಂಬ ಪುಟ್ಟ ಊರಿನ ಬಳಿಯ ಗುಡ್ಡಕ್ಕೆ ಬಡಿದ ಸಿಡಿಲು ಕಾಳ್ಗಿಚ್ಚು ಹೊತ್ತಿಸಿತು. ಎರಡು ದಿನದ ನಂತರ ಸಮೀಪಿಸಿದ ಗುಡುಗುಮೋಡದಿಂದ ನುಗ್ಗಿದ ಗಾಳಿ ಬೆಂಕಿಯ ದಿಕ್ಕನ್ನೇ ತಿರುಗಿಸಿತು. ಬೆಂಕಿ ಆರಿಸಲು ಹೋಗಿದ್ದ ಗ್ರಾನೈಟ್ ಮೌಂಟನ್ ಹಾಟ್‌ಶಾಟ್ಸ್ ತಂಡದ 19 ಮಂದಿ ಅದರೊಳಗೆ ಸಿಕ್ಕಿ ಜೀವ ಬಿಟ್ಟರು.

ತಪ್ಪು ಕಲ್ಪನೆ: ಧೂಳು ಕವಿದರೆ ಲೈಟ್ ಹಾಕಿಕೊಂಡು ನಿಧಾನಕ್ಕೆ ಓಡಿಸಿದರಾಯಿತು.

ವಾಸ್ತವ: ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಎಲ್ಲ ಲೈಟುಗಳನ್ನೂ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಪೆಡಲ್‌ನಿಂದ ಕಾಲು ತೆಗೆಯಿರಿ, ಬೆಲ್ಟ್ ಬಿಚ್ಚಬೇಡಿ. ಲೈಟ್ ಉರಿಯುತ್ತಿದ್ದರೆ ಹಿಂದಿನವನು ಅದೇ ರಸ್ತೆಯೆಂದುಕೊಂಡು ನೇರ ಬಂದು ಗುದ್ದುತ್ತಾನೆ.

ಆ ಧೂಳಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರದ ಬೀಜಕಣಗಳೂ ಇರುತ್ತವೆ. ಉಸಿರಿನೊಡನೆ ಒಳಹೋದರೆ ಒಂದರಿಂದ ಮೂರು ವಾರದಲ್ಲಿ ಜ್ವರ, ಕೆಮ್ಮು, ಬಿಡದ ಸುಸ್ತು ಕಾಣಿಸಿಕೊಳ್ಳಬಹುದು. ಅಲ್ಲಿನವರು ಇದನ್ನು ವ್ಯಾಲಿ ಫೀವರ್ ಎನ್ನುತ್ತಾರೆ. ಹಲವರಿಗೆ ತಾನಾಗಿಯೇ ವಾಸಿಯಾಗುತ್ತದೆ, ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಆದರೆ ಊರಿಗೆ ಮರಳಿದ ಮೇಲೆ ಕೆಮ್ಮು ಹಿಡಿದರೆ ಇಲ್ಲಿನ ವೈದ್ಯರಿಗೆ ನೆನಪಾಗುವುದು ನ್ಯುಮೋನಿಯಾ ಅಥವಾ ಕ್ಷಯ. ಎಕ್ಸ್‌-ರೇಯಲ್ಲೂ ಹಾಗೆಯೇ ಕಾಣಬಹುದು. ಶಿಲೀಂಧ್ರಕ್ಕೆ ಆ್ಯಂಟಿಬಯಾಟಿಕ್ ತಾಗುವುದಿಲ್ಲ. ಆದ್ದರಿಂದ "ಅರಿಜೋನಾಗೆ ಹೋಗಿದ್ದೆ" ಎಂಬ ಒಂದು ಮಾತನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ತಪ್ಪು ಕಲ್ಪನೆ: ಒಣನೆಲ ನೀರನ್ನು ಹೀರಿಕೊಳ್ಳುತ್ತದೆ; ಮೇಲೆ ಮೋಡವಿಲ್ಲದಿದ್ದರೆ ಹಳ್ಳಕ್ಕಿಳಿಯಬಹುದು.

ವಾಸ್ತವ: ಸೊನೋರನ್ ಎಂದರೆ ಬರೀ ಮರಳುಗುಡ್ಡ ಎಂಬ ಚಿತ್ರವೇ ತಪ್ಪು. ಅಲ್ಲಿನ ಬಹುಪಾಲು ನೆಲ ಕಲ್ಲು, ಜೇಡಿ. ಹಲವೆಡೆ ಮೇಲ್ಮಣ್ಣಿನ ಕೆಳಗೆ ಸುಣ್ಣಗಟ್ಟಿ ಕಲ್ಲಾದ ಪದರವಿದ್ದು ಗುದ್ದಲಿಗೂ ಜಗ್ಗುವುದಿಲ್ಲ. ಒಂದು ತಾಸಿನಲ್ಲಿ ಧೋ ಎಂದು ಸುರಿದ ನೀರು ಇಂಗಲು ಹೊತ್ತೇ ಇಲ್ಲದೆ ಒಣಹಳ್ಳಗಳಿಗೆ ನುಗ್ಗುತ್ತದೆ.

ಆ ನೀರು ಎಲ್ಲಿ ಸುರಿಯಿತೋ ಅಲ್ಲಿ ಕೊಲ್ಲುವುದಿಲ್ಲ, ಹರಿದು ಬಂದಲ್ಲಿ ಕೊಲ್ಲುತ್ತದೆ. 1997ರ ಆಗಸ್ಟ್ 12ರಂದು ಮೂಲನಿವಾಸಿ ನವಾಹೊ ಜನರ ನಾಡಿನ ಆಂಟಿಲೋಪ್ ಕಣಿವೆಯೊಳಗೆ 11 ಪ್ರವಾಸಿಗರು ಕೊಚ್ಚಿಹೋದರು. ಭಾರಿ ಮಳೆ ಬಿದ್ದದ್ದು ಹರಿವಿನ ಮೇಲ್ಭಾಗದಲ್ಲಿ, ಮೈಲಿಗಟ್ಟಲೆ ದೂರದಲ್ಲಿ. 2017ರ ಜುಲೈ 15ರಂದು ಪೇಸನ್ ಬಳಿಯ ತೊರೆಯೊಂದರಲ್ಲಿ ಈಜುತ್ತಿದ್ದ ಒಂದೇ ಕುಟುಂಬದ 10 ಮಂದಿ ಹೀಗೆಯೇ ಹೋದರು. ಮೇಲಿನ ಕಾಡು ಅದಕ್ಕೆ ಸ್ವಲ್ಪವೇ ಮುಂಚೆ ಸುಟ್ಟಿತ್ತು, ಸುಟ್ಟ ನೆಲ ನೀರು ಹಿಡಿಯಲಿಲ್ಲ, ಬೂದಿ-ಮರ-ಕೆಸರೆಲ್ಲ ಒಟ್ಟಾಗಿ ಬಂತು. ಇವೆರಡನ್ನು ಓದಿದ ಮೇಲೂ ಜುಲೈ-ಆಗಸ್ಟ್‌ನ ಮಧ್ಯಾಹ್ನ ಮಕ್ಕಳನ್ನು ಕಟ್ಟಿಕೊಂಡು ಕಿರುಕಣಿವೆಗೆ ಇಳಿಯುವವರಿದ್ದಾರೆ. ಬೇಡ. ಬೆಳಗ್ಗೆ ಹೋಗಿ, ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ನೀವಿರುವ ಜಾಗಕ್ಕಷ್ಟೇ ನೋಡದೆ ಮೇಲ್ಭಾಗದ ಬೆಟ್ಟಗಳಿಗೂ ನೋಡಿ.

ಕಾರಿನಲ್ಲಿರುವವರಿಗೂ ಇದೇ ಮಾತು. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರು ತೇಲುತ್ತದೆ, 60 ಇದ್ದರೆ ಬಹುತೇಕ ಎಲ್ಲ ವಾಹನಗಳೂ. ಅಡ್ಡಗಟ್ಟೆ ಹಾಕಿದ ರಸ್ತೆಯಲ್ಲಿ ನೀರಿಗಿಳಿದು ಸಿಕ್ಕಿಬಿದ್ದವರಿಂದಲೇ ರಕ್ಷಣೆಯ ಖರ್ಚು ವಸೂಲು ಮಾಡುವ ಕಾನೂನು ಅರಿಜೋನಾದಲ್ಲಿ 1995ರಿಂದ ಇದೆ.

ತಪ್ಪು ಕಲ್ಪನೆ: ಫೀನಿಕ್ಸ್‌ನ ನಲ್ಲಿಗಳಿಗೆ ನೀರು ಈ ಮಳೆಯಿಂದಲೇ.

ವಾಸ್ತವ: ಬಹುಮಟ್ಟಿಗೆ ಚಳಿಗಾಲದ ಹಿಮದಿಂದ. ಸಾಲ್ಟ್ ಮತ್ತು ವರ್ಡೆ ನದಿಗಳ ಅಣೆಕಟ್ಟುಗಳು (ದೊಡ್ಡದಾದ ರೂಸ್‌ವೆಲ್ಟ್ ಅಣೆಕಟ್ಟು 1911ರದು) ಮತ್ತು ಕೊಲೊರಾಡೊ ನದಿಯಿಂದ ಬರುವ, ಒಟ್ಟು ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆ ನಗರವನ್ನು ಸಾಕುತ್ತವೆ.

ತಪ್ಪು ಕಲ್ಪನೆ: ಹಾಗಾದರೆ ಈ ಮಳೆ ಬರೀ ಕಾಟ.

ವಾಸ್ತವ: ಇಷ್ಟೆಲ್ಲ ಅಪಾಯ ಹೇಳಿದ ಮೇಲೆ ಇದನ್ನು ಹೇಳದಿದ್ದರೆ ಆ ನೆಲಕ್ಕೆ ಅನ್ಯಾಯವಾದೀತು. ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮಳೆ ಕಾಣುವುದರಿಂದಲೇ ಸೊನೋರನ್ ಇತರ ಮರುಭೂಮಿಗಳಿಗಿಂತ ಹಸಿರು. ಹನ್ನೆರಡು ಮೀಟರ್‌ಗೂ ಎತ್ತರ ಬೆಳೆಯುವ, ನೂರೈವತ್ತು ವರ್ಷ ಬಾಳುವ ಸವಾರೊ ಕಳ್ಳಿ ಮಳೆಗೆ ಸ್ವಲ್ಪ ಮುಂಚೆ ಹಣ್ಣು ಬಿಟ್ಟು ಬೀಜ ಉದುರಿಸುತ್ತದೆ, ಮೊಳೆಯಲು ತೇವ ಸಿಗಲೆಂದು. 2023ರಲ್ಲಿ ರಾತ್ರಿಗಳೂ ಆರದೆ, ಫೀನಿಕ್ಸ್‌ಗೆ ಇಡೀ ಮಳೆಗಾಲದಲ್ಲಿ 4 ಮಿ.ಮೀ. ಕೂಡ ಬೀಳದೆ ಹೋದಾಗ ನಗರದ ಸವಾರೊಗಳು ತೋಳು ಕಳಚಿಕೊಂಡವು, ಕೆಲವು ಬುಡದಿಂದಲೇ ಕುಸಿದವು. ಸ್ಪೇಡ್‌ಫುಟ್ ಎಂಬ ಕಪ್ಪೆ ವರ್ಷದ ಬಹುಪಾಲು ಮಣ್ಣಿನಡಿ ಮಲಗಿದ್ದು ಮಳೆಯ ಸದ್ದಿನ ಕಂಪನಕ್ಕೆ ಎದ್ದುಬರುತ್ತದೆ. ಗುಂಡಿಯ ನೀರು ಆರುವ ಮುನ್ನ, ಎಂಟು-ಹತ್ತು ದಿನದಲ್ಲೇ, ಅದರ ಗೊದಮೊಟ್ಟೆ ಕಪ್ಪೆಯಾಗಿ ಮುಗಿಯಬೇಕು.

ಈ ಮಳೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿನ ಮೂಲನಿವಾಸಿಗಳಾದ ಟೊಹೋನೊ ಓಧಮ್ ಜನ. ಸವಾರೊ ಹಣ್ಣು ಕೊಯ್ಯುವ ಸುಗ್ಗಿಯೊಡನೆ ಅವರ ಹೊಸವರ್ಷ. ಆ ಹಣ್ಣಿನ ರಸವನ್ನು ಹುಳಿಬರಿಸಿ ಕುಡಿದು ಮಳೆಯನ್ನು ಕರೆಯುವ ಆಚರಣೆ ಅವರದು. ಹಳ್ಳಗಳು ಬಯಲಿಗೆ ಬಂದು ಹರಡಿಕೊಳ್ಳುವ ಜಾಗದಲ್ಲಿ ಹೊಲ ಮಾಡಿ, ಒಡ್ಡು ಕಟ್ಟಿ, ಪ್ರವಾಹದ ನೀರು ಮತ್ತು ಅದು ತರುವ ಗೋಡುಮಣ್ಣಿನಲ್ಲೇ ಟೆಪರಿ ಕಾಳು, ಮೆಕ್ಕೆಜೋಳ, ಕುಂಬಳ ತೆಗೆಯುತ್ತ ಬಂದರು. ಟೂಸಾನ್ ಪಕ್ಕದ ಸ್ಯಾನ್ ಝೇವಿಯರ್ ಸಹಕಾರಿ ಫಾರ್ಮ್‌ನಲ್ಲಿ ಟೆಪರಿಯನ್ನು ಇಂದೂ ಬೆಳೆದು ಮಾರುತ್ತಾರೆ. ಹೋದವರು ಒಂದು ಪೊಟ್ಟಣ ತಂದು ನೋಡಿ. ನಮ್ಮ ಹುರುಳಿಯಂತೆ ಗಟ್ಟಿಕಾಳು, ರಾತ್ರಿಯೆಲ್ಲ ನೆನೆಸಿ ಹೆಚ್ಚು ಹೊತ್ತು ಬೇಯಿಸಿದರೆ ಸಾರಿಗೆ ಚೆನ್ನಾಗಿ ಒದಗುತ್ತದೆ.